ಉತ್ತರನ ಕೈಗೆ ಬಂದ ಲಗಾಮು

ಮಳೆ ಕೈಕೊಟ್ಟ ವರ್ಷ ಊರ ಗುಡಿಯಲ್ಲೋ ಅರಳಿಕಟ್ಟೆಯ ಮೇಲೋ ವಿರಾಟ ಪರ್ವ ಓದಿಸುವ ರೂಢಿ ನಮ್ಮಲ್ಲಿ ಹಳೆಯದು. ಪಾಂಡವರು ಅಡಗಿರುವ ನಾಡಿನಲ್ಲಿ ಕಾಲಕಾಲಕ್ಕೆ ಮಳೆಯಾಗುತ್ತದೆ, ಅಂಥ ನಾಡನ್ನು ಹುಡುಕಿದರೆ ಅವರು ಸಿಗುತ್ತಾರೆ ಎಂದು ಭೀಷ್ಮ ಕೌರವನಿಗೆ ಹೇಳುವ ಮಾತು ಆ ಪರ್ವದಲ್ಲಿದೆ. ರೂಢಿಗೆ ಅದೇ ಆಧಾರ ಎನ್ನುತ್ತಾರೆ. ಮೋಡ ನೋಡುತ್ತ ಕೂತವರಿಗೆ ಮಳೆ ಬಂತೋ ಬಿಟ್ಟಿತೋ, ನಗು ಮಾತ್ರ ಖಾತ್ರಿ. ಗಮಕಿ ಉತ್ತರಕುಮಾರನ ಪ್ರಸಂಗಕ್ಕೆ ಬಂದರೆಂದರೆ ಕಂಬಕ್ಕೊರಗಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ.

ಇಡೀ ಪರ್ವವೇ ಬದುಕು ಎತ್ತಲೋ ತಿರುಗಿಹೋದವರ ಕಥೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯ ಹಿಡಿದ ಕೆಲಸ ಯಾವುದು ನೋಡಿ: ಕಂಕನೆಂಬ ಹೆಸರಿನಲ್ಲಿ ವಿರಾಟರಾಯನ ಜೊತೆ ಪಗಡೆಯಾಡುವುದು. ಎಷ್ಟು ಬಡಿಸಿದರೂ ಸಾಲದ ಭೀಮನಿಗೆ ಅಡುಗೆಮನೆಯ ಉಸ್ತುವಾರಿ. ಗಾಂಡೀವ ಹಿಡಿದ ಅರ್ಜುನ ಜಡೆ ಹೆಣೆದುಕೊಂಡು, ಬಳೆ ತೊಟ್ಟು, ಬೃಹನ್ನಳೆಯಾಗಿ ಅಂತಃಪುರದ ಹೆಣ್ಣುಮಕ್ಕಳಿಗೆ ಕುಣಿತ ಹೇಳಿಕೊಡುತ್ತಾನೆ. ಇದಕ್ಕೆಲ್ಲ ಶಾಪ, ಪಣ, ಅಜ್ಞಾತವಾಸ ಎಂಬ ಗಂಭೀರ ಕಾರಣಗಳಿವೆ, ನಿಜ. ಆದರೂ ಮೂವರ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದರೆ, ಹಂಚಿದ ಕವಿಗೆ ತಮಾಷೆಯೂ ಗೊತ್ತಿತ್ತು ಅನಿಸದೆ ಇರದು.

ಹದಿನೈದನೆಯ ಶತಮಾನದಲ್ಲಿ ಗದುಗಿನ ಕುಮಾರವ್ಯಾಸನ ಕೈಗೆ ಈ ಸರಕು ಬಂದಾಗ ಭಾಮಿನಿ ಷಟ್ಪದಿಗೇ ಯಾರೋ ಕಚಗುಳಿ ಇಟ್ಟಂತಾಯಿತು. ವಿರಾಟರಾಯ ಸೈನ್ಯ ಕಟ್ಟಿಕೊಂಡು ತೆಂಕಲಿಗೆ, ಸುಶರ್ಮನ ಬೆನ್ನಟ್ಟಿ ಹೋಗಿದ್ದಾನೆ. ಇತ್ತ ಬಡಗಲಲ್ಲಿ ಕೌರವರು ತುರುಗಳನ್ನು ಹೊಡೆದುಕೊಂಡು ಹೋಗುತ್ತಿದ್ದಾರೆಂದು ಗೋವಳನೊಬ್ಬ ಓಡಿಬಂದು ಮೊರೆಯಿಡುತ್ತಾನೆ. ಅರಮನೆಯಲ್ಲಿ ಉಳಿದಿರುವ ರಾಜಕುಮಾರ ಉತ್ತರ. ಅವನು ಕೂತಿರುವುದು ಹೆಂಗಸರ ನಡುವೆ. ಭೀಷ್ಮನೇನು, ದ್ರೋಣನೇನು, ಕರ್ಣನೇನು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಬಡಿದು ಹಾಕುತ್ತಾನೆ, ಬಾಯಲ್ಲಿ. ತೊಡಕು ಒಂದೇ, ಸಾರಥಿ ಇಲ್ಲ. ಇದ್ದಿದ್ದರೆ ತೋರಿಸುತ್ತಿದ್ದೆ! ಈ ‘ಇದ್ದಿದ್ದರೆ’ ಯಾವ ಕಾಲದ ಜಗಲಿಯ ಮೇಲೂ ಕೇಳಿಬರುತ್ತದೆ. ಕಾಲು ನೋವಿಲ್ಲದಿದ್ದರೆ, ಅಪ್ಪ ಓದಿಸಿದ್ದರೆ, ಆವತ್ತು ಆ ಸೈಟು ತೆಗೆದುಕೊಂಡಿದ್ದರೆ. ಇಲ್ಲದ ಸಾರಥಿಯ ನೆರಳಲ್ಲಿ ಎಷ್ಟು ಜನ ತಣ್ಣಗೆ ಬದುಕಿಕೊಂಡಿದ್ದೇವೆ. ಉತ್ತರನ ಗ್ರಹಚಾರ ಏನೆಂದರೆ, ಸಾರಥಿ ಸಿಕ್ಕಿಬಿಟ್ಟ. ಕುಣಿತದ ಗುರುವಿಗೆ ರಥ ಹೊಡೆಯಲು ಬರುತ್ತದೆ ಎಂದು ಸೈರಂಧ್ರಿ ಒಂದು ಮಾತು ಹಾಕಿದಳು. ತಂಗಿ ಉತ್ತರೆ ಓಡಿಹೋಗಿ ಕರೆತಂದಳು. ಇನ್ನು ಹೊರಡದೆ ವಿಧಿಯಿಲ್ಲ.

ಬೃಹನ್ನಳೆ ಕವಚವನ್ನು ತಲೆಕೆಳಗಾಗಿ ತೊಡಲು ಹೋಗುವುದು, ಹೆಣ್ಣುಮಕ್ಕಳು ನಗುವುದು ವ್ಯಾಸಭಾರತದಲ್ಲೇ ಇದೆ. ಯುದ್ಧವೇ ಬದುಕಾಗಿದ್ದವನು ಕವಚ ತೊಡಲು ಬಾರದವನಂತೆ ಆಡುತ್ತಿದ್ದಾನೆ. ಪಕ್ಕದಲ್ಲಿ ಕವಚ ಬಿಗಿದು ನಿಂತವನು ವೀರನಂತೆ ಆಡುತ್ತಿದ್ದಾನೆ. ಇಬ್ಬರದೂ ವೇಷವೇ, ಒಬ್ಬನಿಗೆ ಅದು ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿಲ್ಲ, ಅಷ್ಟೇ. ಹೊರಡುವ ಹೊತ್ತಿಗೆ ಹುಡುಗಿಯರು ಬೇಡಿಕೆ ಇಡುತ್ತಾರೆ: ಭೀಷ್ಮ ದ್ರೋಣರನ್ನು ಗೆದ್ದ ಮೇಲೆ ಅವರ ಬಣ್ಣದ ಬಟ್ಟೆ ತಂದುಕೊಡಿ, ನಮ್ಮ ಗೊಂಬೆಗಳಿಗೆ ಬೇಕು. ಯುದ್ಧಕ್ಕೆ ಹೊರಟವರಿಗೆ ಇಷ್ಟು ಖಚಿತವಾದ ಉದ್ದೇಶ ಸಿಗುವುದು ಅಪರೂಪ.

ಕೌರವ ಸೇನೆ ಕಣ್ಣಿಗೆ ಬೀಳುವವರೆಗೆ ಉತ್ತರನ ಬಾಯಿಗೆ ಬಿಡುವಿಲ್ಲ. ಬಿದ್ದ ಮೇಲೆ ಮೊದಲು ನಿಂತದ್ದು ಬಾಯಿ. ಅದು ಮತ್ತೆ ತೆರೆದಾಗ ಬಂದ ಮಾತು ಒಂದೇ, ರಥ ತಿರುಗಿಸು. ಬೃಹನ್ನಳೆ ತಿರುಗಿಸುವುದಿಲ್ಲ. ರಣದಲ್ಲಿ ಮಡಿದವನಿಗೆ ಸ್ವರ್ಗ, ಅಲ್ಲಿ ಅಪ್ಸರೆಯರು ಎಂದು ಕ್ಷತ್ರಿಯರ ಹಳೆಯ ಪಾಠ ಒಪ್ಪಿಸುತ್ತಾನೆ. ಅದಕ್ಕೆ ಕುಮಾರವ್ಯಾಸನ ಉತ್ತರ ಕೊಡುವ ಜವಾಬಿನ ಧಾಟಿ ಹೀಗಿದೆ: ಮೇಲಿನ ಲೋಕದ ಪಟ್ಟ ಯಾರಿಗೆ ಬೇಕು, ಇಲ್ಲಿರುವುದೇ ಸಾಲುತ್ತದೆ, ಅಲ್ಲಿಯ ಹೆಂಗಸರ ಗೊಡವೆಯೂ ಬೇಡ, ಅರಮನೆಯಲ್ಲಿರುವವರೇ ಆಯಿತು. ನಕ್ಕು ಮುಗಿಸಿದ ಮೇಲೆ ಯೋಚಿಸಿದರೆ, ಇಡೀ ಭಾರತದಲ್ಲಿ ಇಷ್ಟು ಆರೋಗ್ಯದ ಮಾತಾಡಿದವರು ಹೆಚ್ಚಿಲ್ಲ. ಹದಿನೆಂಟು ಅಕ್ಷೋಹಿಣಿಯ ದೊಡ್ಡ ತಲೆಗಳಲ್ಲಿ ನಾಲ್ಕು ಜನ ಹೀಗೆ ಹೇಳಿ ಮನೆಗೆ ಹೋಗಿದ್ದರೆ ಕುರುಕ್ಷೇತ್ರದಲ್ಲಿ ಜೋಳ ಬೆಳೆಯಬಹುದಿತ್ತು.

ಮಾತು ನಡೆಯದೆಂದು ತಿಳಿದಾಗ ಉತ್ತರ ಬಿಲ್ಲು ಬಿಸುಟು ರಥದಿಂದ ಹಾರಿ ಊರ ಕಡೆ ಓಟ ಕಿತ್ತ. ಹಿಂದೆ ಬೃಹನ್ನಳೆ, ಉದ್ದನೆಯ ಜಡೆ ಬೆನ್ನಿಗೆ ಬಡಿಯುತ್ತ, ಕೆಂಪು ಬಟ್ಟೆ ಗಾಳಿಗೆ ಹಾರುತ್ತ. ಇದನ್ನು ಕಂಡು ಕೌರವ ಸೈನಿಕರು ನಕ್ಕರು ಎನ್ನುತ್ತಾನೆ ವ್ಯಾಸ. ಆ ಕತ್ತು, ಆ ತೋಳು ಎಲ್ಲೋ ನೋಡಿದ ಹಾಗಿದೆಯಲ್ಲ ಎಂಬ ಗುಸುಗುಸು ಕೂಡ ಅದೇ ಸೇನೆಯಲ್ಲಿ. ನೂರು ಹೆಜ್ಜೆಯೊಳಗೆ ಜುಟ್ಟು ಕೈಗೆ ಸಿಕ್ಕಿತು. ಸಿಕ್ಕಿಬಿದ್ದ ರಾಜಕುಮಾರ ಚೌಕಾಸಿಗೆ ಇಳಿಯುತ್ತಾನೆ: ನೂರು ಚಿನ್ನದ ನಾಣ್ಯ ಕೊಡುತ್ತೇನೆ, ಎಂಟು ವೈಡೂರ್ಯ ಕೊಡುತ್ತೇನೆ, ಹತ್ತು ಆನೆ ಕೊಡುತ್ತೇನೆ, ಬಿಟ್ಟುಬಿಡು. ಪ್ರಾಣಭಯದಲ್ಲೂ ಎಂಟು, ಹತ್ತು ಎಂದು ಲೆಕ್ಕ ತಪ್ಪದಿರುವುದು ನನಗೆ ತುಂಬ ಇಷ್ಟ.

ಯಕ್ಷಗಾನದವರು ಈ ಓಟವನ್ನು ಬಿಟ್ಟುಕೊಡುವುದುಂಟೇ! ರಂಗಸ್ಥಳದಲ್ಲಿ ನಿಜವಾದ ರಥವಿಲ್ಲ, ಇರುವುದು ಒಂದು ಮರದ ಪೀಠ. ಅದಕ್ಕೆ ರಥ ಎಂದೇ ಹೆಸರು. ಅದರಿಂದ ಇಳಿದು ಅದನ್ನೇ ಸುತ್ತಿ ಓಡಬೇಕು, ಓಡಿದಷ್ಟೂ ಹೊರಟಲ್ಲಿಗೇ ಬರಬೇಕು. ಚೆಂಡೆಗೂ ಕಾಲಿಗೂ ಪೈಪೋಟಿ. ತಾಳಮದ್ದಳೆಯಲ್ಲಿ ಇನ್ನೂ ಕಷ್ಟ; ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಅರ್ಥಧಾರಿ ಕೂತಲ್ಲೇ ಪಲಾಯನ ಮಾಡಬೇಕು. ಹೆದರಿಕೆಗೆ ತರ್ಕ ಕಟ್ಟಿ, ಓಡುವುದೇ ಧರ್ಮ ಎಂದು ಬೃಹನ್ನಳೆಯ ಎದುರು ಸಾಧಿಸಬೇಕು. ಒಳ್ಳೆಯ ಅರ್ಥಧಾರಿ ಸಿಕ್ಕರೆ ಕೇಳುವವರಲ್ಲಿ ಅರ್ಧದಷ್ಟು ಜನ ಉತ್ತರನ ಪಕ್ಷಕ್ಕೆ ಬಂದಿರುತ್ತಾರೆ.

ಯಾಕೆ ನಗುತ್ತೇವೆ ಎಂಬುದಕ್ಕೆ ಫ್ರೆಂಚ್ ತತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿ ಒಂದು ಪುಸ್ತಕವನ್ನೇ ಬರೆದ. ರಸ್ತೆಯಲ್ಲಿ ಓಡುತ್ತಿದ್ದವನು ಎಡವಿ ಬಿದ್ದರೆ ನಾವು ನಗುವುದು, ದಾರಿ ಬೇರೆಯಾದರೂ ಅವನ ಮೈ ಹಳೆಯ ವೇಗದಲ್ಲೇ, ಯಂತ್ರದಂತೆ, ಮುಂದುವರಿದದ್ದಕ್ಕೆ ಎಂಬುದು ಅವನ ವಾದ. ಒಪ್ಪುವಂಥದ್ದೇ. ಆದರೆ ಉತ್ತರನ ಮೈ ಯಂತ್ರದಂಥದಲ್ಲ. ಪರಿಸ್ಥಿತಿ ಬದಲಾದ ಕ್ಷಣ ಅವನಷ್ಟು ಚುರುಕಾಗಿ ತಿರುಗಿದವರು ಯಾರೂ ಇಲ್ಲ. ತಿರುಗದೆ ಉಳಿದದ್ದು ಅವನು ಆಡಿಬಂದ ಮಾತು. ಅದು ಇನ್ನೂ ಅಂತಃಪುರದಲ್ಲಿ, ಗೊಂಬೆಯ ಬಟ್ಟೆಗೆ ಕಾದಿರುವ ಹುಡುಗಿಯರ ನಡುವೆ ಮೀಸೆ ತಿರುವುತ್ತ ಕೂತಿದೆ. ಕಾಲು ಒಂದು ಕಡೆ, ಮಾತು ಒಂದು ಕಡೆ. ನಡುವಿನ ಆ ಜಾಗದಲ್ಲೇ ನಮ್ಮ ನಗು ಹುಟ್ಟುತ್ತದೆ, ಮತ್ತು ಆ ಜಾಗ ನಮಗೂ ಚೆನ್ನಾಗಿ ಪರಿಚಯ.

ದುರಂತ ಬರೆಯುವವನಾಗಿದ್ದರೆ ಇಲ್ಲಿಗೆ ಉತ್ತರನ ಕಥೆ ಮುಗಿಯುತ್ತಿತ್ತು. ಹೇಡಿ ಸಾಯುತ್ತಿದ್ದ, ಇಲ್ಲವೇ ಮುಖ ತೋರಿಸಲಾಗದೆ ಕಾಡಿಗೆ ಹೋಗುತ್ತಿದ್ದ. ಹಾಸ್ಯಕ್ಕೆ ಅಂಥ ಅವಸರವಿಲ್ಲ. ಅದು ಜುಟ್ಟು ಹಿಡಿದು ಎಳೆತಂದು ಇನ್ನೊಂದು ಕೆಲಸ ಕೊಡುತ್ತದೆ. ಮಸಣದ ಬಳಿಯ ಬನ್ನಿಮರ ಹತ್ತಿಸಿ, ಹೆಣದಂತೆ ಕಟ್ಟಿಟ್ಟ ಆಯುಧದ ಗಂಟು ಇಳಿಸಿಕೊಂಡ ಮೇಲೆ ಅರ್ಜುನ ಹೇಳುವುದಿಷ್ಟೇ: ಕಾದುವುದು ನನಗಿರಲಿ, ಕುದುರೆ ನೀನು ಹಿಡಿ. ಆಗ ಉತ್ತರ ಏನೆನ್ನುತ್ತಾನೆ ಗೊತ್ತೇ? ಕೃಷ್ಣನಿಗೆ ದಾರುಕ ಹೇಗೋ, ಇಂದ್ರನಿಗೆ ಮಾತಲಿ ಹೇಗೋ, ಸಾರಥ್ಯದಲ್ಲಿ ನಾನು ಹಾಗೆ. ಮತ್ತೆ ಬಡಾಯಿ! ಆದರೆ ಈ ಸಲ ನಿಜ. ಆ ದಿನ ಭೀಷ್ಮ, ದ್ರೋಣ, ಕೃಪ, ಕರ್ಣ, ಅಶ್ವತ್ಥಾಮರ ಬಾಣಗಳ ನಡುವೆ ರಥ ನಡೆಸಿದವನು ಅವನೇ. ಬೆಳಗಿನಿಂದ ಸಾರಥಿ ಇಲ್ಲ, ಸಾರಥಿ ಇಲ್ಲ ಎಂದು ಅಲವತ್ತುಕೊಂಡವನ ಮನೆಯಲ್ಲಿ ಕೊರತೆಯಿದ್ದದ್ದು ಕಾದುವವನಿಗೆ. ಸಾರಥಿ ಅವನೊಳಗೇ ಕೂತಿದ್ದ.

ಇದಕ್ಕೆ ತದ್ವಿರುದ್ಧವಾದ ತಿರುವು ಬೇಕೆಂದರೆ ಚಾರ್ಲಿ ಚಾಪ್ಲಿನ್ನನ ‘ಮಾಡರ್ನ್ ಟೈಮ್ಸ್’ ನೋಡಬೇಕು. 1936ರ ಚಿತ್ರ. ಕಾರ್ಖಾನೆಯಲ್ಲಿ ನಟ್ಟು ಬಿಗಿದು ಬಿಗಿದು ತಲೆ ಕೆಟ್ಟು, ಆಸ್ಪತ್ರೆಯಿಂದ ಆಗಷ್ಟೇ ಹೊರಬಂದ ಚಾರ್ಲಿ ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದಾನೆ. ಉದ್ದನೆಯ ಸರಕು ಹೇರಿದ ಲಾರಿಯೊಂದು ತಿರುವಿನಲ್ಲಿ ಹೋಗುತ್ತದೆ. ಹಿಂದೆ ಎಚ್ಚರಿಕೆಗೆ ಕಟ್ಟಿದ್ದ ಬಾವುಟ ಉದುರಿ ಬೀಳುತ್ತದೆ. ಚಾರ್ಲಿ ಒಳ್ಳೆಯವನು. ಬಾವುಟ ಎತ್ತಿಕೊಂಡು, ಬೀಸುತ್ತ, ನಿಲ್ಲಿಸಪ್ಪಾ ಎಂದು ಲಾರಿಯ ಹಿಂದೆ ಹೋಗುತ್ತಾನೆ. ಅದೇ ಹೊತ್ತಿಗೆ ಅವನ ಬೆನ್ನ ಹಿಂದಿನ ಮೂಲೆಯಿಂದ ಮುಷ್ಕರದ ಮೆರವಣಿಗೆ ಹೊರಳಿ ಬರುತ್ತದೆ, ಫಲಕಗಳನ್ನು ಎತ್ತಿ ಹಿಡಿದುಕೊಂಡು. ಮುಂದೆ ಬಾವುಟ ಹಿಡಿದ ಚಾರ್ಲಿ, ಹಿಂದೆ ನೂರಾರು ಜನ. ಅವನಿಗೆ ಗೊತ್ತೇ ಇಲ್ಲ. ಪೊಲೀಸರಿಗೆ ಮಾತ್ರ ಅನುಮಾನವಿಲ್ಲ: ಇವನೇ ನಾಯಕ. ಜೈಲಿಗೆ ಹೋಗುತ್ತಾನೆ. ಅಲ್ಲಿ ಊಟಕ್ಕೆ ಕೂತಾಗ ಯಾರೋ ಉಪ್ಪಿನ ಡಬ್ಬಿಯಲ್ಲಿ ಬಚ್ಚಿಟ್ಟ ಮಾದಕದ ಪುಡಿಯನ್ನು ಉಪ್ಪೆಂದೇ ಸುರಿದುಕೊಂಡು ತಿಂದು, ಅದರ ಅಮಲಿನಲ್ಲಿ ಕೈದಿಗಳ ದಂಗೆ ಮುರಿದು, ಅಧಿಕಾರಿಗಳ ಮೆಚ್ಚುಗೆ ಗಳಿಸುತ್ತಾನೆ. ಬಿಡುಗಡೆಯಾಯಿತು ಎಂದಾಗ, ಇನ್ನಷ್ಟು ದಿನ ಇಲ್ಲೇ ಇರಲೇ ಎಂದು ಕೇಳುತ್ತಾನೆ. ಹೊರಗೆ ಕೆಲಸವಿಲ್ಲದ, ಹೊಟ್ಟೆಗಿಲ್ಲದ ಕಾಲ ಅದು.

ಬಾವುಟದ ಆ ದೃಶ್ಯ ತೆರೆಯ ಮೇಲೆ ಬಹಳ ಹೊತ್ತೇನೂ ಇಲ್ಲ. ಚಿತ್ರ ಕಪ್ಪು ಬಿಳುಪು, ಆದ್ದರಿಂದ ಬಾವುಟ ಕೆಂಪೆಂದು ತೆರೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಬಣ್ಣ ಬಳಿಯುವವರು ನೋಡುವ ನಾವು ಮತ್ತು ಆ ಪೊಲೀಸರು. ಇದರಲ್ಲೊಂದು ಕ್ರೂರ ತಮಾಷೆ ಮುಂದೆ ಕಾದಿತ್ತು. 1952ರಲ್ಲಿ ‘ಲೈಮ್‌ಲೈಟ್’ ಚಿತ್ರದ ಪ್ರದರ್ಶನಕ್ಕೆಂದು ಚಾಪ್ಲಿನ್ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿ ಲಂಡನ್ನಿಗೆ ಹೊರಟ. ಹಡಗು ನಡುನೀರಿನಲ್ಲಿದ್ದಾಗ ಅಮೆರಿಕ ಸರ್ಕಾರ ಅವನ ಮರುಪ್ರವೇಶದ ಪರವಾನಗಿ ರದ್ದು ಮಾಡಿತು. ಕಮ್ಯುನಿಸ್ಟರ ಕಡೆಯವನೆಂಬ ಗುಮಾನಿ ವರ್ಷಗಳಿಂದ ಅವನ ಬೆನ್ನ ಹಿಂದೆ ಮೆರವಣಿಗೆ ಹೊರಟೇ ಇತ್ತು. ಉಳಿದ ಬದುಕು ಸ್ವಿಟ್ಜರ್ಲೆಂಡಿನಲ್ಲಿ. ಮತ್ತೆ ಅಮೆರಿಕಕ್ಕೆ ಕಾಲಿಟ್ಟದ್ದು 1972ರಲ್ಲಿ, ಗೌರವ ಆಸ್ಕರ್ ಪಡೆಯಲು. ತಾನು ಕಟ್ಟಿದ ನಗೆಯ ದೃಶ್ಯಕ್ಕೇ ಹದಿನಾರು ವರ್ಷಗಳ ನಂತರ ಹೀಗೆ ಸಿಕ್ಕಿಹಾಕಿಕೊಂಡ ಕಲಾವಿದ ಇನ್ನೊಬ್ಬನಿದ್ದರೆ ನನಗೆ ತಕ್ಷಣ ನೆನಪಾಗುತ್ತಿಲ್ಲ.

ನಗಿಸುವವರ ಬದುಕೇ ನೇರವಾಗಿ ನಡೆದದ್ದು ಕಡಿಮೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿಬಂದ ಕೈಲಾಸಂ ಸರ್ಕಾರಿ ನೌಕರಿ ಬಿಟ್ಟು ನಾಟಕ ಹಿಡಿದರು. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಮಾಸಿಕ ಶುರು ಮಾಡಿದ ರಾಶಿಯವರು ವೃತ್ತಿಯಲ್ಲಿ ವೈದ್ಯರು. ನಾಳೆ ಏನಾಗುತ್ತದೆಂದು ಕಣಿ ಹೇಳುವವಳ ಹೆಸರನ್ನು ನಗೆಪತ್ರಿಕೆಗೆ ಇಟ್ಟಿದ್ದಾರಲ್ಲ, ಅದೇ ಒಂದು ನಗೆಹನಿ. ಅದಕ್ಕೆ ಚಿತ್ರ ಬರೆಯುತ್ತಿದ್ದ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈಯ ಜೆ.ಜೆ. ಕಲಾಶಾಲೆ ಸೀಟು ಕೊಟ್ಟಿರಲಿಲ್ಲ. ಅಷ್ಟು ಪ್ರತಿಭೆ ಸಾಲದು ಎಂಬುದು ಅಲ್ಲಿಂದ ಬಂದ ಉತ್ತರ. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಅದೇ ಮುಂಬೈಗೆ ಹೋದರು. 1951ರಿಂದ ಅವರ ಗೀಟುಗಳಲ್ಲಿ ನಿಂತ ಚೌಕಳಿ ಕೋಟಿನ ಜನಸಾಮಾನ್ಯ ಅರ್ಧ ಶತಮಾನ ಒಂದು ಮಾತೂ ಆಡಲಿಲ್ಲ. ಅವನು ಎಲ್ಲಿಗೂ ತಿರುಗುವುದಿಲ್ಲ. ಮಂತ್ರಿ ನಿನ್ನೆ ಹೇಳಿದ್ದಕ್ಕೆ ಇಂದು ಉಲ್ಟಾ ಹೇಳುತ್ತಾನೆ, ಯೋಜನೆ ಬದಲಾಗುತ್ತದೆ, ಪಕ್ಷ ಬದಲಾಗುತ್ತದೆ. ಕನ್ನಡಕದ ಹಿಂದಿನ ಎರಡು ಕಣ್ಣು ಅಷ್ಟನ್ನೂ ನೋಡುತ್ತವೆ. ಉತ್ತರನಂತೆ ಓಡಲು ಅವನಿಗೆ ರಥವಿಲ್ಲ, ಚಾರ್ಲಿಯಂತೆ ಎತ್ತಿಕೊಳ್ಳಲು ಬಾವುಟವೂ ಇಲ್ಲ.

ವಿರಾಟನಗರಿಗೆ ಮರಳೋಣ. ಕೌರವರು ಮೂರ್ಛೆ ಹೋಗಿ ಬಿದ್ದಾಗ ಅರ್ಜುನ ಮರೆಯದೆ ಹೇಳುತ್ತಾನೆ: ಹೋಗು, ಉತ್ತರೆಯ ಗೊಂಬೆಗೆ ಬಟ್ಟೆ ತಾ. ಉತ್ತರ ಲಗಾಮು ಬಿಟ್ಟು ಇಳಿದು, ಬಿದ್ದ ಮಹಾರಥಿಗಳ ನಡುವೆ ನಡೆದು, ದ್ರೋಣ ಕೃಪರ ಬಿಳಿ ಬಟ್ಟೆ, ಕರ್ಣನ ಹಳದಿ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆ ಬಿಚ್ಚಿ ತರುತ್ತಾನೆ. ಭೀಷ್ಮನ ಹತ್ತಿರ ಹೋಗಬೇಡ, ಅವನಿಗೆ ಎಚ್ಚರವಿದೆ ಎಂಬ ಸೂಚನೆಯೂ ಅರ್ಜುನನದೇ. ಬೆಳಿಗ್ಗೆ ದೂರದಿಂದ ಕಂಡು ಓಡಿಹೋದ ಆ ದೊಡ್ಡ ಹೆಸರುಗಳ ಬಳಿಗೆ ಸಂಜೆ ಒಬ್ಬನೇ ಹೋಗಿ ಬಟ್ಟೆ ಎಣಿಸಿಕೊಂಡು ಬಂದನಲ್ಲ, ಅವನ ನಿಜವಾದ ಪರಾಕ್ರಮ ಇದೇ ಎಂದು ನನ್ನ ಲೆಕ್ಕ.

ಇತ್ತ ತೆಂಕಲಿನಿಂದ ಗೆದ್ದುಬಂದ ವಿರಾಟರಾಯನಿಗೆ ಮಗನೂ ಗೆದ್ದ ಸುದ್ದಿ ತಲುಪಿತು. ಹಿಗ್ಗಿ ಹೀರೇಕಾಯಾಗಿ ಕಂಕನ ಜೊತೆ ಪಗಡೆಗೆ ಕೂತ. ಬೃಹನ್ನಳೆ ಸಾರಥಿಯಾದ ಮೇಲೆ ಗೆಲ್ಲದೆ ಇರುವುದುಂಟೇ ಎಂದು ಕಂಕ ಒಂದಲ್ಲ ಹಲವು ಸಲ ಅಂದ. ರಾಜನಿಗೆ ರೇಗಿತು. ಕೈಯಲ್ಲಿದ್ದ ದಾಳವನ್ನು ಕಂಕನ ಮುಖಕ್ಕೆ ಎಸೆದ. ಮೂಗಿನಿಂದ ರಕ್ತ ಬಂತು. ಅದು ನೆಲಕ್ಕೆ ಬೀಳದಂತೆ ಸೈರಂಧ್ರಿ ಪಾತ್ರೆ ಹಿಡಿದಳು. ಆಗ ಉತ್ತರ ಒಳಗೆ ಬಂದ. ಗೆದ್ದವನು ನೀನೇ ಎಂದು ಹೇಳು ಎಂದು ಅರ್ಜುನ ದಾರಿಯಲ್ಲಿ ಹೇಳಿಕೊಟ್ಟಿದ್ದ. ಬೆಳಗಿನ ಉತ್ತರನಾಗಿದ್ದರೆ ಯಾರೂ ಹೇಳಿಕೊಡದೆಯೇ ಹೇಳುತ್ತಿದ್ದ. ಈ ಉತ್ತರ, ಗೆದ್ದವನು ನಾನಲ್ಲ, ಯಾರೋ ದೇವಪುತ್ರ ಬಂದು ಕಾದಿದ, ಹೆದರಿ ಓಡುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿದ ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡ. ಕಂಕನನ್ನು ಹೊಡೆದದ್ದು ತಪ್ಪು ಎಂದು ಅಪ್ಪನಿಗೇ ಬುದ್ಧಿ ಹೇಳಿದ.

ಗಾದೆಗೆ ಇದಾವುದೂ ಬೇಕಾಗಲಿಲ್ಲ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಅದು ಅವನನ್ನು ಅಡುಗೆಮನೆಯಲ್ಲೇ ಕೂರಿಸಿಬಿಟ್ಟಿತು. ಬಾಯಿಬಡುಕ ಅಳಿಯನಿಂದ ಹಿಡಿದು ಚುನಾವಣೆಯ ಅಭ್ಯರ್ಥಿಯವರೆಗೆ ಇಂದಿಗೂ ಅದನ್ನೇ ಬಳಸುತ್ತೇವೆ. ಕುರುಕ್ಷೇತ್ರದ ಮೊದಲ ದಿನ ಉತ್ತರ ಆನೆಯೇರಿ ಶಲ್ಯನ ಮೇಲೆ ನುಗ್ಗಿದ. ಆನೆ ಶಲ್ಯನ ರಥದ ನೊಗ ತುಳಿದು ನಾಲ್ಕೂ ಕುದುರೆಗಳನ್ನು ಕೊಂದಿತು. ಶಲ್ಯ ಎಸೆದ ಶಕ್ತ್ಯಾಯುಧ ಕವಚ ಸೀಳಿತು, ಉತ್ತರ ಆನೆಯ ಮೇಲಿಂದ ಬಿದ್ದ. ಕಡೆಗೆ ಪಾಂಡವರ ವಂಶಕ್ಕೆ ಉಳಿದದ್ದು ಒಂದೇ ಕುಡಿ, ಪರೀಕ್ಷಿತ. ಗೊಂಬೆಗೆ ಬಟ್ಟೆ ಕೇಳಿದ್ದ ಉತ್ತರೆಯ ಮಗ. ಉತ್ತರ ಅವನಿಗೆ ಸೋದರಮಾವ.